ಬೋರ್‌ವೆಲ್ ಇಲ್ಲದ ಮನೆಯ ಪಿನ್ ನಂಬರು

ನನ್ನ ಹೆಂಡತಿ ಅಂಜಿನಮ್ಮ ಒಂದು ದಿನ ಕೊಟ್ಟಿಗೆಯ ಹಿಂದೆ ಕೂತು ಫೋನಿನಲ್ಲಿ ಏನೋ ಬರೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಏನು ಬರೆದಳು ಅನ್ನುವುದು ಊರಿನಲ್ಲಿ ಅವಳನ್ನು ಬಿಟ್ಟರೆ ಕದಿರಮ್ಮನಿಗೆ ಮಾತ್ರ ಗೊತ್ತು. ಕೇಳಿದೆ. ಹೇಳಲಿಲ್ಲ. ಇದಾಗಿ ಮೂರು ವರ್ಷ ದಾಟಿತು. ಹೆಂಡತಿಯ ಕಣ್ಣೀರಿನ ಕಾರಣ ಆಶಾ ಕಾರ್ಯಕರ್ತೆಗೆ ಗೊತ್ತಿರಬೇಕು, ತಾಳಿ ಕಟ್ಟಿದವನಿಗೆ ಗೊತ್ತಿರಬಾರದು ಅಂದರೆ ಅದು ಯಾವ ನ್ಯಾಯ? ಆ ಸಿಟ್ಟು ಇನ್ನೂ ಇದೆ. ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಫ್ಲೆಕ್ಸ್ ಬೋರ್ಡಿನಲ್ಲಿ ಮುಖ ಹಾಕಿಸಿಕೊಂಡವರ ಬಗ್ಗೆ ಬರೆಯಲು ಜಡಿಗೇನಹಳ್ಳಿ ಹೋಬಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕದಿರಮ್ಮನ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆಯುವಷ್ಟು ವಿಷಯ ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಅವಳು ಮಾಲೂರು ಕಡೆಯ ಹೆಣ್ಣು. ಮದುವೆಯಾಗಿ ನಮ್ಮೂರಿನ ಕೆಳಗಿನ ಬೀದಿಗೆ ಬಂದಾಗ ಆ ಬೀದಿಯಲ್ಲಿ ಹತ್ತನೇ ಕ್ಲಾಸು ಪಾಸಾಗಿದ್ದ ಸೊಸೆ ಅವಳೊಬ್ಬಳೇ. ನಾನು ಏಳಕ್ಕೇ ಬಿಟ್ಟವನು. ಅದನ್ನು ಅವಳು ಒಂದು ದಿನವೂ ಆಡಿ ತೋರಿಸಲಿಲ್ಲ. ಗಂಡ ಪಿಳ್ಳಪ್ಪ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಾನೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಮನೆಯಲ್ಲಿ ಮಾತಾಡುವವಳು ಮಗಳು ಶಾಮಲಾ. ಅವಳು ಫೋನ್ ಜೋಡಿಸುವ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಕದಿರಮ್ಮ ಆಶಾ ಕೆಲಸಕ್ಕೆ ಸೇರಿ ಹದಿನೈದು ವರ್ಷದ ಮೇಲಾಗಿದೆ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಬಳೆಗೆ ಸಿಕ್ಕಿಸಿದ ನಾಲ್ಕು ಪಿನ್ನು. ನೂರಾ ಎಂಬತ್ತು ಮನೆ ಅವಳ ಪಾಲಿಗೆ. ಯಾರು ಬಸುರಿ ಅನ್ನುವುದು ಅತ್ತೆಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಯಾರು ಮಾತ್ರೆ ನುಂಗುತ್ತಿದ್ದಾರೆ, ಯಾರು ನುಂಗಿದೆ ಅಂತ ಹೇಳಿ ಹಿತ್ತಲಿಗೆ ಎಸೆಯುತ್ತಿದ್ದಾರೆ, ಎಲ್ಲ ಗೊತ್ತು. ಡೇರಿ ಹತ್ತಿರ ಹಾಲು ಹಾಕಲು ನಿಂತ ಹೆಂಗಸರು ಅವರ ಮನೆಯದೇನು, ಇವರ ಮನೆಯದೇನು ಅಂತ ಕೆದಕಿದರೆ ಅವಳದು ಒಂದೇ ಮಾತು, “ಚೆನ್ನಾಗವ್ರೆ.” ಸತ್ತವರ ಬಗ್ಗೆ ಕೇಳಿದರೂ ಅದನ್ನೇ ಹೇಳುತ್ತಾಳೇನೋ ಅನ್ನಿಸುತ್ತಿತ್ತು.

ಕೊರೊನಾ ಬಂದಾಗ ಮನೆಮನೆಗೆ ಹೋಗುವುದು ಕಷ್ಟವಾಯಿತು. ಹೆಂಗಸರು ಅವಳಿಗೆ ವಾಟ್ಸಾಪಿನಲ್ಲಿ ಬರೆಯತೊಡಗಿದರು. ಎದುರಿಗೆ ಬಾಯಿ ಬಿಡದವರೂ ಬೆರಳಲ್ಲಿ ಬಿಟ್ಟರು. ಒಬ್ಬಳು ಸೊಸೆ, ಹೆಸರು ಬೇಡ, ಸದ್ಯಕ್ಕೆ ಇನ್ನೊಂದು ಮಗು ಬೇಡ, ಅದಕ್ಕೆ ಮಾತ್ರೆ ಕೊಡಿ ಅಂತ ಕೇಳಿ ಬರೆದಿದ್ದಳು. ಅತ್ತೆಗೆ ಓದು ಬರುತ್ತಿರಲಿಲ್ಲ, ಆದರೆ ಮೊಮ್ಮಗನಿಗೆ ಬರುತ್ತಿತ್ತು. ಅವನು ಓದಿ ಹೇಳಿದ. ಮಾರನೆಯ ದಿನ ಡೇರಿ ಹತ್ತಿರ ಅದೇ ಮಾತು. ಸೊಸೆ ತವರಿಗೆ ಹೋಗಿ ನಾಲ್ಕು ತಿಂಗಳು ಕೂತಳು. ಕದಿರಮ್ಮ ಅವತ್ತು ಊಟ ಮಾಡಲಿಲ್ಲವಂತೆ. ಇದು ಮತ್ತು ಮುಂದಿನದು ನನಗೆ ಶಾಮಲಾ ಹೇಳಿದ್ದು.

ತಾಯಿ ಮಗಳನ್ನು ಕೂರಿಸಿಕೊಂಡು, ಈ ಮೆಸೇಜು ದಾರಿಯಲ್ಲಿ ಯಾರ ಕೈಗೆ ಸಿಗುತ್ತದೆ ಅಂತ ಕೇಳಿದಳು. ಯಾರ ಕೈಗೂ ಸಿಗುವುದಿಲ್ಲ, ಎನ್‌ಕ್ರಿಪ್ಟ್ ಆಗಿರುತ್ತದೆ ಅಂದಳು ಮಗಳು. ಹಾಗಂದರೇನು ಅಂತ ಮತ್ತೆ ಕೇಳಿದಳು.

“ಇಲ್ಲಿ ರಾಗಿ ಹಿಟ್ಟಾಗಿ ಹೋಗ್ತದೆ ಕಣಮ್ಮ. ಅಲ್ಲಿ ಅವ್ರ ಫೋನಿಗೆ ಹೋದ್ಮೇಲೇನೇ ತಿರ್ಗಾ ಕಾಳಾಗೋದು. ನಡುವೆ ಕಂಪನಿಯೋನೇ ತೆಗೆದ್ನೋಡಿದ್ರೂ ಬರೀ ಹಿಟ್ಟು.”

ಅದಕ್ಕೆ ಕದಿರಮ್ಮ ಅಂದಳಂತೆ, “ಹಂಗಾದ್ರೆ ದಾರೀಲಿ ಕಳ್ರಿಲ್ಲ. ಕಾಳಾದ್ಮೇಲೆ ಮನೇಲವ್ರೆ.”

ಅದಕ್ಕೇ ಫೋನಿಗೆ ಪಿನ್ ನಂಬರು ಇರುವುದು ಅಂದಳು ಮಗಳು. ಎಲ್ಲರ ಪಿನ್ನೂ ಎಲ್ಲರಿಗೂ ಗೊತ್ತು ಅಂದಳು ತಾಯಿ.

ಇದು ನಮ್ಮ ಕಡೆಯವರಲ್ಲದವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಾರದೇ ಹೊಲದಲ್ಲಿ ಬೋರ್ ಕೊರೆಸಿದರೂ ಊರೆಲ್ಲ ಬಂದು ನಿಲ್ಲುತ್ತದೆ. ಎಂಟುನೂರು ಅಡಿ ದಾಟಿದ ಮೇಲೆ ಮಾತು ನಿಲ್ಲುತ್ತದೆ, ಸಾವಿರ ದಾಟಿದ ಮೇಲೆ ಮನೆಯವರು ಬೋರ್ ಕೊರೆಯುವ ಲಾರಿಯ ಕಡೆ ನೋಡುವುದನ್ನು ಬಿಟ್ಟು ಆಕಾಶ ನೋಡುತ್ತಾರೆ. ನೀರು ಎಷ್ಟನೇ ಅಡಿಗೆ ಬಂತು ಅನ್ನುವುದನ್ನು ಆಮೇಲೆ ಯಾರೂ ಮರೆಯುವುದಿಲ್ಲ. ನಮ್ಮದು 1340. ಫೋನು ನಾಲ್ಕು ಅಂಕಿ ಕೇಳಿದಾಗ ಮನಸ್ಸಿಗೆ ಬಂದಿದ್ದು ಅದೇ. ನನ್ನ ಫೋನು, ಹೆಂಡತಿಯ ಫೋನು, ಮಗಳು ದಿವ್ಯಳ ಫೋನು, ಎ.ಟಿ.ಎಂ. ಕಾರ್ಡು, ಎಲ್ಲಕ್ಕೂ 1340. ಅಣ್ಣನ ಮನೆಯದು 1280. ಪಕ್ಕದ ಹೊಲದ ಅಪ್ಪಯ್ಯಣ್ಣನದು 1410. ಸಾವಿರದ ಒಳಗೆ ನೀರು ಕಂಡ ಪುಣ್ಯವಂತರು ಮುಂದೆ ಒಂದು ಸೊನ್ನೆ ಹಾಕಿಕೊಂಡಿದ್ದರು. ಊರಿನಲ್ಲಿ ಯಾರ ಫೋನನ್ನು ಯಾರು ಬೇಕಾದರೂ ತೆಗೆಯಬಹುದಿತ್ತು. ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ. ನನಗಂತೂ ಅನ್ನಿಸಿರಲಿಲ್ಲ.

ಕದಿರಮ್ಮ ಕಬ್ಬಿಣದ ಮಾತ್ರೆ ಕೊಡುವ ನೆಪದಲ್ಲಿ ಮನೆಮನೆಗೆ ಹೋಗಿ ಹೆಂಗಸರ ಫೋನಿನ ಪಿನ್ ನಂಬರು ಬದಲಾಯಿಸಿ ಕೊಟ್ಟಳು. ತನಗೆ ಬರೆದಿದ್ದು ಒಂದು ದಿನ ಕಳೆದ ಮೇಲೆ ತಾನಾಗಿಯೇ ಮಾಯವಾಗುವ ಹಾಗೆ ಅವರ ಫೋನಿನಲ್ಲೂ ತನ್ನ ಫೋನಿನಲ್ಲೂ ಮಾಡಿದಳು. ಮುಖ್ಯವಾದದ್ದನ್ನು ಮಾತ್ರ ತನಗಷ್ಟೇ ತಿಳಿಯುವ ಹಾಗೆ ಫೋನಿನಲ್ಲೇ ಬೇರೆ ಪಟ್ಟಿ ಮಾಡಿಟ್ಟುಕೊಂಡಳು. ಬ್ಯಾಕಪ್ ಇಟ್ಟುಕೋ ಅಂತ ಮಗಳು ಹೇಳಿದ್ದಕ್ಕೆ, ನಮ್ಮನೆ ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ ಯಾಕಿಡಬೇಕು ಅಂದಳಂತೆ. ಹೆಂಗಸರಿಗೆ ಯಾವ ನಂಬರು ಹಾಕಿಸಿದಳು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ನನಗೂ ಆಮೇಲೆಯೇ ಗೊತ್ತಾಗಿದ್ದು.

ನನಗೆ ಒಂದು ಗೂಡ್ಸ್ ಗಾಡಿ ಇದೆ. ಸುತ್ತಿನ ಹಳ್ಳಿಗಳ ಟೊಮೆಟೊ, ಬೀನ್ಸು ಹೊಸಕೋಟೆ ಮಾರ್ಕೆಟ್ಟಿಗೆ ಹೊಡೆಯುತ್ತೇನೆ. ಆ ಮಂಗಳವಾರ ಗಾಡಿ ತೊಳೆಯಲು ಹಿತ್ತಲಿಗೆ ಬಂದಾಗ ಅಂಜಿನಮ್ಮ ಕಣ್ಣೊರೆಸಿಕೊಳ್ಳುವುದನ್ನು ಕಂಡೆ. ಯಾಕೆ ಅಂದೆ. ಏನಿಲ್ಲ ಅಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಏನಿಲ್ಲ ಅಂದಾಗೆಲ್ಲ ನಾನು ಸರಿ ಅಂದು ಹೋಗುತ್ತಿದ್ದೆ. ಅವತ್ತು ಹೋಗಲಿಲ್ಲ. ಅವಳು ಹಾಲು ಕರೆಯಲು ಕೂತಾಗ ಫೋನು ತೆಗೆದು 1340 ಒತ್ತಿದೆ. ತಪ್ಪು ಅಂದಿತು. ಮತ್ತೆ ಒತ್ತಿದೆ. ತಪ್ಪು. ನನ್ನ ಭೂಮಿಯ ನೀರಿನ ಆಳವನ್ನು ನನ್ನ ಮನೆಯ ಫೋನು ತಪ್ಪು ಅನ್ನುತ್ತಿದೆ. ನಂಬರು ಏನು ಅಂತ ಕೇಳಿದೆ. ಕದಿರಕ್ಕ ಯಾರಿಗೂ ಹೇಳಬೇಡ ಅಂದಿದ್ದಾಳೆ ಅಂದಳು. ಅವಳಿಗೇ ಬರೆದಿದ್ದೋ ಅಂದೆ. ಹೌದು ಅಂದಳು. ಫೋನನ್ನು ಅಲ್ಲೇ ಇಟ್ಟು ಕೆಳಗಿನ ಬೀದಿಗೆ ನಡೆದೆ.

ನಮ್ಮ ಬೀದಿಯ ಗಂಡಸರಲ್ಲಿ ಕದಿರಮ್ಮನ ಮನೆಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿರಬೇಕು. ಅದೂ ಜಗಳಕ್ಕೆ. ಅವಳು ಜಗಲಿಯಲ್ಲಿ ಚಾಪೆಯ ಮೇಲೆ ಕೂತು ರಿಜಿಸ್ಟರು ತುಂಬುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ನನ್ ಹೆಂಡ್ತಿ ನಿಂಗೇನ್ ಬರ್ದವ್ಳೆ?”

“ಅವ್ಳನ್ನೇ ಕೇಳಣ್ಣ.”

“ಕೇಳ್ದೆ. ಹೇಳ್ಲಿಲ್ಲ.”

“ಅವ್ಳೇ ಹೇಳ್ದಿದ್ದನ್ನ ನಾನೆಂಗ್ ಹೇಳ್ಲಿ?”

“ನಾನವ್ಳ ಗಂಡ ಕಣಮ್ಮ.”

“ಗೊತ್ತು ಕೆಂಪರಾಜಣ್ಣ. ನಿಮ್ ಮದ್ವೇಲಿ ಕೊನೇ ಪಂಕ್ತೀಲಿ ಕೂತು ಉಂಡಿದ್ದೀನಿ.”

ಚಾಪೆಯ ಮೇಲಿದ್ದ ಫೋನನ್ನು ಎತ್ತಿಕೊಂಡೆ. ಪಿನ್ ಕೇಳಿತು. ಅವಳನ್ನು ಕೇಳಿದೆ. ಅದರಲ್ಲಿರುವುದು ನಿಮ್ಮ ಮನೆಯದೊಂದೇ ಅಲ್ಲ, ನಿಮಗೆ ತೆಗೆದುಕೊಟ್ಟರೆ ನಾಳೆಯಿಂದ ಒಬ್ಬಳೂ ನನಗೆ ಬಾಯಿ ಬಿಡುವುದಿಲ್ಲ, ಬಾಯಿ ಬಿಡದೆ ಯಾವಳಿಗೋ ಏನಾದರೂ ಆದರೆ ಯಾರು ಹೊಣೆ ಅಂದಳು. ಧ್ವನಿ ಏರಿಸಲಿಲ್ಲ. ಅದೇ ನನ್ನನ್ನು ಇನ್ನೂ ಕೆರಳಿಸಿತು. ಫೋನನ್ನು ಅಂಗಳದ ಒಗೆಯುವ ಕಲ್ಲಿಗೆ ಎಸೆದೆ. ಎಸೆಯುವ ಉದ್ದೇಶ ಇರಲಿಲ್ಲ, ಕೈತಪ್ಪಿತು ಅಂತ ಹೇಳಬಹುದು. ಉದ್ದೇಶ ಇತ್ತು.

ಕದಿರಮ್ಮ ಇಳಿದು ಹೋಗಿ ಅದನ್ನು ಎತ್ತಿಕೊಂಡಳು. ಬಳೆಯಿಂದ ಒಂದು ಪಿನ್ನು ತೆಗೆದು ಸಿಮ್ಮನ್ನು ಹೊರಗೆ ಎಳೆದು ಒಂದು ಹಳೆಯ ಬಟನ್ ಫೋನಿಗೆ ಹಾಕಿಕೊಂಡಳು. ಅದರಲ್ಲಿ ಕರೆ ಬರುತ್ತದೆ, ವಾಟ್ಸಾಪ್ ಬರುವುದಿಲ್ಲ. ರಿಪೇರಿ ಮಾಡಿಸಿ ತರುತ್ತೇನೆ ಅಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ, ಜೊತೆಗೆ ಇನ್ನೊಂದನ್ನೂ ಅಂದುಕೊಂಡಿದ್ದೆ. ಅವಳು ಒಡೆದ ಫೋನನ್ನು ನನ್ನ ಕೈಗೆ ಕೊಟ್ಟು, “ಬೇಗ ತಂದ್ಕೊಡು” ಅಂದಳು.

ಹೊಸಕೋಟೆಯಲ್ಲಿ ಹಳೆ ಮದ್ರಾಸ್ ರಸ್ತೆಗೆ ರವಿಚಂದ್ರನ ರಿಪೇರಿ ಅಂಗಡಿ ಇದೆ. ಗುರುವಾರದ ಹೊತ್ತಿಗೆ ಡಿಸ್‌ಪ್ಲೇ ಹಾಕಿ ಇಟ್ಟಿದ್ದ. ಒಳಗಿನ ಮೆಸೇಜು ತೆಗೆದುಕೊಡು ಅಂದೆ. ಈಗಿನ ಫೋನುಗಳಲ್ಲಿ ಹೊರಗಿನದೆಲ್ಲ ನನ್ನ ಕೆಲಸ, ಒಳಗಿನದು ಪಿನ್ ಇಟ್ಟವರದು, ಆ ನಂಬರು ಇಲ್ಲದೆ ಚಿಪ್ಪನ್ನೇ ಕಿತ್ತು ನೋಡಿದರೂ ಏನೂ ಓದಲಾಗದು ಅಂದ. ಶಾಮಲಾ ಹೇಳಿದ ಹಿಟ್ಟಿನ ಮಾತನ್ನೇ ಇವನು ಬೇರೆ ರೀತಿ ಹೇಳಿದ್ದು. ಆಗ ನನಗೆ ಅದು ಗೊತ್ತಿರಲಿಲ್ಲ.

ಗಾಡಿಯಲ್ಲಿ ಕೂತು ನಾನೇ ಪ್ರಯತ್ನಿಸಿದೆ. ಕಷ್ಟ ಏನಾಯಿತೆಂದರೆ, ಕದಿರಮ್ಮನ ಮನೆಗೆ ಹೊಲವಿಲ್ಲ, ಬೋರಿಲ್ಲ. ಬೋರಿಲ್ಲದ ಮನೆಯವರ ನಂಬರು ಹುಡುಕುವುದು ಹೇಗೆ? ಅವರ ಬೀದಿಯ ಸರ್ಕಾರಿ ಬೋರ್ 960 ಅಡಿ, ಮುಂದೆ ಸೊನ್ನೆ ಹಾಕಿ ಒತ್ತಿದೆ. ಆಗಲಿಲ್ಲ. ನಮ್ಮದು, ಅಣ್ಣನದು, ಅಪ್ಪಯ್ಯಣ್ಣನದು ಒತ್ತಿದೆ. ನಾಲ್ಕೈದು ಸಲ ತಪ್ಪಾದ ಮೇಲೆ ಫೋನು ಅರ್ಧ ನಿಮಿಷ ಕಾಯಿ ಅಂದಿತು. ಆಮೇಲೆ ಇನ್ನೂ ಹೆಚ್ಚು ಹೊತ್ತು ಕಾಯಿಸಿತು. ಬಾಳೆಹಣ್ಣು ತಿಂದೆ, ಟೀ ಕುಡಿದೆ, ಮತ್ತೆ ಒತ್ತಿದೆ. ಶಾಲೆಯ ಬೋರ್, ಪಂಚಾಯಿತಿ ಬೋರ್, ನೀರು ಬಾರದೆ ಮುಚ್ಚಿದ ಬೋರ್‌ಗಳನ್ನೂ ಬಿಡಲಿಲ್ಲ. ಹದಿನೈದನೆಯದನ್ನು ಒತ್ತಿದಾಗ ಪರದೆ ಕಪ್ಪಾಯಿತು, ಕಂಪನಿಯ ಗುರುತು ಬಂತು, ಆಮೇಲೆ ಬೆಳ್ಳಗೆ ಬೆಳಗಿ, ಯಾವ ಭಾಷೆ ಬೇಕು ಅಂತ ವಿನಯದಿಂದ ಕೇಳಿತು. ತೆರೆದುಕೊಂಡಿತು ಅಂದುಕೊಂಡು ರವಿಚಂದ್ರನ ಹತ್ತಿರ ಓಡಿದೆ.

“ತೆರ್ಕೊಂಡಿಲ್ಲಣ್ಣ, ಅಳ್ಸೋಯ್ತು. ಹದಿನೈದು ಸಲ ತಪ್ಪಾದ್ರೆ ಎಲ್ಲಾ ಅಳ್ಸಾಕು ಅಂತ ಹೇಳಿಟ್ಟವ್ರೆ. ಯಾರದಿದು, ಪೊಲೀಸ್ನೋರದಾ?”

ಆಶಾ ಕಾರ್ಯಕರ್ತೆಯದು ಅಂದೆ. ಅವನು ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿ ಮತ್ತೆ ತನ್ನ ಕೆಲಸಕ್ಕೆ ಬಗ್ಗಿದ.

ಮಧ್ಯಾಹ್ನ ಫೋನನ್ನು ತಂದುಕೊಟ್ಟೆ. ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, “ಹದಿನೈದು ಸಲಾನೂ ಒತ್ತಿದ್ಯಾ?” ಅಂದಳು. ಹೂಂ ಅಂದೆ. ಅವಳು ಮೆಟ್ಟಿಲ ಮೇಲೆ ಕೂತಳು. ಯಾರಿಗೆ ಯಾವ ತಿಂಗಳು, ಯಾರಿಗೆ ಯಾವ ತೊಂದರೆ, ರಿಜಿಸ್ಟರಿನಲ್ಲಿ ಬರೆಯಲಾಗದ ಆ ಪಟ್ಟಿಯೆಲ್ಲ ಹೋಗಿತ್ತು. ನನ್ನನ್ನು ಬೈದಿದ್ದರೆ ನಾನೂ ಬೈದು ಮನೆಗೆ ಹೋಗುತ್ತಿದ್ದೆ. ಅವಳು ಬೈಯಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಮೆಸೇಜು ಹಾಕಿ ಎರಡು ದಿನದಿಂದ ಯಾರು ಕಾಯುತ್ತಿದ್ದಾರೋ ಗೊತ್ತಿಲ್ಲ, ಎಲ್ಲ ಮನೆಗೂ ಹೋಗಿ ಕೇಳಿ ಬರಬೇಕು ಅಂದು ಹೊರಟಳು.

ಮುಕ್ಕಾಲು ಗಂಟೆ ಕಳೆದಿರಬೇಕು. ನಾನು ಮನೆ ಮುಂದೆ ಕ್ರೇಟು ಇಳಿಸುತ್ತಿದ್ದೆ. ಕದಿರಮ್ಮ ನಮ್ಮ ಅಣ್ಣನ ಮನೆಯ ಕಡೆಯಿಂದ ಬೇಗಬೇಗ ನಡೆದು ಬಂದಳು. ಹಿಂದೆ ಅಣ್ಣನ ಸೊಸೆ ನವ್ಯಶ್ರೀ ಗೋಡೆ ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಆಗ ನಾಲ್ಕು ತಿಂಗಳು. ಅವಳ ಗಂಡ ಅನಿಲ್‌ಕುಮಾರ್ ಕೆಲಸಕ್ಕೆ ಹೋಗಿದ್ದ.

“ಗಾಡಿ ತೆಗಿ ಅಣ್ಣ. ಯಾಕೆ ಅಂತ ಕೇಳ್ಬೇಡ.”

ಕೇಳಲಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಂಜಿನಮ್ಮ ಓಡಿ ಬಂದು ಸೀಟಿಗೆ ಕೌದಿ ಹಾಸಿದಳು. ನವ್ಯಶ್ರೀ ಕದಿರಮ್ಮನ ಭುಜಕ್ಕೆ ಒರಗಿಕೊಂಡು ಕೂತಳು. ಹೊಸಕೋಟೆಗೆ ಹೋಗುವ ದಾರಿಯಲ್ಲಿ ಎಷ್ಟು ಹಂಪುಗಳಿವೆ ಅನ್ನುವುದು ಅಷ್ಟು ವರ್ಷ ಆ ದಾರಿಯಲ್ಲೇ ಓಡಾಡಿದ ನನಗೆ ಅವತ್ತು ಗೊತ್ತಾಯಿತು. ಇಪ್ಪತ್ತಮೂರು. ಒಂದೊಂದನ್ನೂ ಎತ್ತಿನ ಗಾಡಿಯ ವೇಗದಲ್ಲಿ ದಾಟಿಸಿದೆ. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಎರಡು ಗಂಟೆಯಾದ ಮೇಲೆ ಕದಿರಮ್ಮ ಹೊರಗೆ ಬಂದಳು. ಏನಂತೆ ಅಂತ ನಾನು ಕೇಳಲಿಲ್ಲ, ಮುಖ ನೋಡಿದೆ ಅಷ್ಟೇ.

“ಚೆನ್ನಾಗವ್ರೆ” ಅಂದಳು.

ಏನಾಗಿತ್ತು ಅನ್ನುವುದನ್ನು ನವ್ಯಶ್ರೀಯೇ ಬಹಳ ದಿನದ ಮೇಲೆ ನನಗೆ ಹೇಳಿದಳು. ಇಲ್ಲಿ ಬರೆಯಲು ಒಪ್ಪಿದವಳೂ ಅವಳೇ. ಮಂಗಳವಾರ ಸಂಜೆ ರಕ್ತ ಕಂಡಿತ್ತು. ಮನೆಯಲ್ಲಿ ಹೇಳಲು ಹೆದರಿ ಕದಿರಮ್ಮನಿಗೆ ಬರೆದಿದ್ದಳು. ಪಕ್ಕದಲ್ಲೇ ಅತ್ತೆ ಇದ್ದುದರಿಂದ ಕರೆ ಮಾಡಲಾಗಲಿಲ್ಲ. ಮೆಸೇಜಿಗೆ ಒಂದೇ ಟಿಕ್ಕು. ಕದಿರಕ್ಕ ನೋಡಿದರೆ ಬರುತ್ತಾಳೆ ಅಂತ ಬುಧವಾರವೆಲ್ಲ ಆ ಒಂದು ಟಿಕ್ಕನ್ನು ನೋಡುತ್ತಾ ಮಲಗಿದ್ದಳು. ಆ ಎರಡನೇ ಟಿಕ್ಕು ಬೀಳಬೇಕಾಗಿದ್ದ ಫೋನು ರವಿಚಂದ್ರನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಇನ್ನೊಂದು ದಿನ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಅಣ್ಣನ ಮನೆಗೆ ಇವತ್ತಿಗೂ ನಾನು ಸರಿಯಾದ ಹೊತ್ತಿಗೆ ಗಾಡಿ ತೆಗೆದ ಪುಣ್ಯಾತ್ಮ. ಕದಿರಮ್ಮ ಅವರಿಗೆ ಬೇರೆ ಏನನ್ನೂ ಹೇಳಿಲ್ಲ.

ಮುಂದಿನ ವಾರ ಒಂದು ಹೊಸ ಫೋನು ತಂದು ಅವಳ ಜಗಲಿಯ ಮೇಲಿಟ್ಟೆ. ಅವಳು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಶಾಮಲಾಳ ಹಳೆಯ ಫೋನು ಇದೆ, ಸಾಕು ಅಂದಳು. ನಾನು ಬಲವಂತ ಮಾಡಿದೆ.

“ನೀನು ಕೊಟ್ಟ ಫೋನು ಅಂತ ಗೊತ್ತಾದ್ರೆ ಯಾವ ಹೆಣ್ಮಗಳು ನಂಗೆ ಬರೀತಾಳಣ್ಣ?”

ಪೆಟ್ಟಿಗೆ ಎತ್ತಿಕೊಂಡು ಬಂದೆ.

ನವ್ಯಶ್ರೀಗೆ ಹೆಣ್ಣು ಮಗು ಹುಟ್ಟಿತು. ವಾರ್ಡಿಗೆ ನಾವೆಲ್ಲ ಹೋಗಿದ್ದೆವು. ನರ್ಸು ಮಗುವನ್ನು ತೂಗಿ ಚೀಟಿಯಲ್ಲಿ ಬರೆದು ಹೋದಳು. ತೂಕ ಎಷ್ಟಂತೆ ಅಂತ ಅನಿಲ್‌ಕುಮಾರ್ ಕೇಳಿದ. ಕದಿರಮ್ಮ “ಚೆನ್ನಾಗೈತೆ” ಅಂದು, ಬಗ್ಗಿ ನವ್ಯಶ್ರೀಯ ಕಿವಿಯಲ್ಲಿ ಏನೋ ಹೇಳಿದಳು. ನವ್ಯಶ್ರೀ ದಿಂಬಿನ ಕೆಳಗಿನಿಂದ ಫೋನು ತೆಗೆದು ನಾಲ್ಕು ಸಲ ಒತ್ತಿದಳು, ಮತ್ತೆ ನಾಲ್ಕು ಸಲ ಒತ್ತಿದಳು. ಅನಿಲ್‌ಕುಮಾರ್ ಮಗುವಿನ ಮೂಗು ಯಾರದು ಅಂತ ನೋಡುತ್ತಿದ್ದ. ನಾನು ನವ್ಯಶ್ರೀಯ ಬೆರಳು ನೋಡುತ್ತಿದ್ದೆ.

ಮಗುವಿನ ತೂಕ ಗ್ರಾಮಿನಲ್ಲಿ ಬರೆದರೆ ನಾಲ್ಕು ಅಂಕಿ. ಅದು ಹೆತ್ತವಳಿಗೆ ಸಾಯುವತನಕ ನೆನಪಿರುತ್ತದೆ, ಗಂಡಸರು ಒಬ್ಬರೂ ಕೇಳಿ ಇಟ್ಟುಕೊಂಡಿರುವುದಿಲ್ಲ. ನೂರಾ ಎಂಬತ್ತು ಮನೆಯ ಬೀಗವನ್ನು ಕದಿರಮ್ಮ ಅದರ ಮೇಲೆ ಕಟ್ಟಿದ್ದಳು. ಬೋರಿನ ಆಳ ಅಡಿಯ ಸಮೇತ ಬಲ್ಲ ನಾನು ದಿವ್ಯಳ ತೂಕ ಎಷ್ಟಿತ್ತು ಅಂತ ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಮೂರು ಕೆ.ಜಿ. ಇರಬಹುದು ಅಂದುಕೊಂಡೆ. ನಮ್ಮ ದಿವ್ಯ ಹುಟ್ಟುವಾಗಲೇ ಗಟ್ಟಿ ಅಂತ ಎಷ್ಟೋ ಜನರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ.

ಟ್ರಂಕಿನ ತಳದಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. 2150. ಕೆಳಗೆ, ಮಗುವನ್ನು ಐದು ದಿನ ಬಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಅಂತ ಬರೆದಿತ್ತು. ಆ ಐದು ದಿನ ನಾನು ಮದನಪಲ್ಲಿಯಲ್ಲಿ ಲೋಡಿಗೆ ಕಾಯುತ್ತಿದ್ದೆ. ಬಂದ ಮೇಲೆ ಗಂಡೋ ಹೆಣ್ಣೋ ಅಂತ ಕೇಳಿದ್ದು ನೆನಪಿದೆ. ಬೇರೇನಾದರೂ ಕೇಳಿದ್ದು ನೆನಪಿಲ್ಲ.

ಅಂಜಿನಮ್ಮ ಡೇರಿಗೆ ಹೋದಾಗ ಅವಳ ಫೋನು ತೆಗೆದು 2150 ಒತ್ತಿದೆ. ತೆರೆದುಕೊಂಡಿತು. ಒತ್ತಬಾರದಿತ್ತು, ಒತ್ತಿದೆ. ಕದಿರಕ್ಕ ಅನ್ನುವ ಹೆಸರು ಹುಡುಕಿ ಮುಟ್ಟಿದೆ. ಒಳಗೆ ಒಂದಕ್ಷರವೂ ಇಲ್ಲ. ಎಲ್ಲ ಅದರ ದಿನಕ್ಕೆ ಸರಿಯಾಗಿ ಮಾಯವಾಗಿತ್ತು. ಈ ಮಾತುಕತೆಯನ್ನು ಹೊರಗಿನ ಯಾರೂ ಓದಲಾರರು ಅನ್ನುವ ಕಂಪನಿಯ ಸಾಲು ಮಾತ್ರ ಮೇಲೆ ಇತ್ತು. ಅದನ್ನು ಎರಡು ಸಲ ಓದಿ ಫೋನನ್ನು ಇದ್ದ ಜಾಗದಲ್ಲೇ ಇಟ್ಟೆ.

ಅಂಜಿನಮ್ಮ ಬಂದಾಗ, “ಎರಡು ಕೆ.ಜಿ. ನೂರೈವತ್ತು ಗ್ರಾಮು” ಅಂದೆ. ಅವಳು ಹಾಲಿನ ಕ್ಯಾನನ್ನು ಕೆಳಗಿಟ್ಟು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಏನೋ ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ. ಸಂಜೆಯೊಳಗೆ ನಂಬರು ಬದಲಾಗಿತ್ತು.

ಮಾರನೆಯ ದಿನ ಕೆಳಗಿನ ಬೀದಿಗೆ ಹೋದೆ. ಹೊಸ ಫೋನಿನ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋದೆ. ನಿನ್ನ ಬೀಗಕ್ಕೆ ತೂತು ಇದೆ, ಟ್ರಂಕಿನಲ್ಲಿ ಚೀಟಿ ಹುಡುಕುವ ಗಂಡಸು ಒಬ್ಬ ಹುಟ್ಟಿದರೆ ಸಾಕು, ನಾನೇ ಹುಟ್ಟಿಬಿಟ್ಟಿದ್ದೇನೆ ಅಂತ ಎಲ್ಲವನ್ನೂ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಬೇರೆ ಯಾರಿಗಾದರೂ ಹೇಳಿದೆಯಾ ಅಂದಳು. ಇಲ್ಲ ಅಂದೆ. ಹದಿನೈದು ದಿನದಲ್ಲಿ ಅಷ್ಟೂ ಮನೆಯ ನಂಬರು ಬದಲಾಯಿತು. ಈಗ ಯಾವುದರ ಮೇಲೆ ಕಟ್ಟಿದ್ದಾಳೆ ಅನ್ನುವುದು ನನಗೆ ಗೊತ್ತಿಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ. ಇದನ್ನು ಬರೆಯುವ ಮೊದಲು ಕೇಳಿದಾಗ, ಹಳೆಯದು ತಾನೇ, ಬರೆದುಕೋ ಅಂದಳು. ಅವಳ ಸ್ವಂತ ನಂಬರು ಆಗ ಯಾವುದಿತ್ತು ಅನ್ನುವುದೂ ತಿಳಿಯಲಿಲ್ಲ. ಶಾಮಲಾ ಮನೆಯಲ್ಲೇ ಹುಟ್ಟಿದವಳು, ಅವಳನ್ನು ಯಾರೂ ತೂಗಿರಲಿಲ್ಲ.

ತೂತು ತೋರಿಸಿಕೊಟ್ಟಿದ್ದಕ್ಕೆ ನನ್ನ ಹಳೆಯ ತಪ್ಪಿನ ಲೆಕ್ಕ ತೀರಿತು ಅಂತ ನಾನು ಅಂದುಕೊಂಡಿದ್ದೆ. ಅವತ್ತು ಎದ್ದು ಬರುವಾಗ ಪೆಟ್ಟಿಗೆಯನ್ನು ಜಗಲಿಯ ಮೇಲೆ ಬಿಟ್ಟು ಬಂದೆ. ಮೂಲೆ ತಿರುಗುವಷ್ಟರಲ್ಲಿ ಪಿಳ್ಳಪ್ಪ ಹಿಂದಿನಿಂದ ಬಂದು ಅದನ್ನು ನನ್ನ ಕೈಗೆ ಕೊಟ್ಟ. “ಬೇಡ್ವಂತೆ” ಅಂದ. ಆ ದಿನದ ಅವನ ಹತ್ತು ಮಾತಿನಲ್ಲಿ ಅದೊಂದು.

ಪೆಟ್ಟಿಗೆ ಈಗ ನಮ್ಮ ಬೀರುವಿನ ಮೇಲಿದೆ. ಮೂರು ತಿಂಗಳಿಗೊಮ್ಮೆ ಫೋನನ್ನು ಹೊರಗೆ ತೆಗೆದು ಚಾರ್ಜು ಮಾಡಿ ಇಡುತ್ತೇನೆ, ಬ್ಯಾಟರಿ ಸಾಯಬಾರದು ಅಂತ. ಪಿನ್ ಹಾಕಬೇಕೇ ಅಂತ ಅದು ಪ್ರತಿ ಸಲ ಕೇಳುತ್ತದೆ. ನಾನು ಹಾಕಿಲ್ಲ.